ಎಂಟು ಗಂಟೆ ಕೂರುತ್ತೇನೆಂದು ಬರೆದವಳು

ನವೆಂಬರ್ 12

ಲೈಬ್ರರಿಯ ಅಮ್ಮನವರಿಗೆ ನಮಸ್ಕಾರ.

ಅಕ್ಷರ ಕೆಟ್ಟದಾಗಿದೆ, ಮೊದಲೇ ಕ್ಷಮಿಸಿಬಿಡಿ. ತಪ್ಪುಗಳೂ ಇರುತ್ತವೆ. ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಓದಿದ್ದೆಲ್ಲ ಹೊಲಿಯಲು ಬಂದ ಪುಸ್ತಕಗಳಲ್ಲಿ. ನಿಮ್ಮ ಲೈಬ್ರರಿಯಿಂದ ಹರಿದ ಕಾದಂಬರಿಗಳು ಗಂಟು ಕಟ್ಟಿ ನಮ್ಮ ಬೈಂಡಿಂಗ್ ಅಂಗಡಿಗೆ ಬರುತ್ತವಲ್ಲ, ಅವುಗಳ ಹಳೆಯ ದಾರ ಬಿಚ್ಚಿ ಹೊಸದಾಗಿ ಹೊಲಿಯುವವಳು ನಾನು. ಅಂಗಡಿಯಲ್ಲಿ ನನ್ನನ್ನು ಸೂಜಿ ಎನ್ನುತ್ತಾರೆ. ನಿಮ್ಮ ವಿಳಾಸವನ್ನು ಪುಸ್ತಕದ ಮೇಲಿನ ಮುದ್ರೆಯಿಂದ ಬರೆದುಕೊಂಡೆ.

ಒಂದು ತಪ್ಪಾಗಿದೆ. ಕಳೆದ ಗಂಟಿನಲ್ಲಿ ಅಂಬಿಗರ ಮನೆಯ ಕಥೆಯ ದಪ್ಪ ಕಾದಂಬರಿ ಇತ್ತು. ಪುಸ್ತಕ ಎಂದರೆ ನಮಗೆ ಹದಿನಾರು ಪುಟದ ಮಡಿಕೆಗಳು. ಒಂದೊಂದನ್ನೂ ಫಾರಂ ಎನ್ನುತ್ತೇವೆ. ನಾನು ಒಂದು ಫಾರಂ ಓದುತ್ತೇನೆ, ಹೊಲಿಯುತ್ತೇನೆ, ಇನ್ನೊಂದನ್ನು ಎತ್ತಿಕೊಳ್ಳುತ್ತೇನೆ. ಆ ಕಾದಂಬರಿಯಲ್ಲಿ ಅಜ್ಜಿ ಸಾಯುತ್ತಾಳೆ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಮುಂದಿನ ಫಾರಂನಲ್ಲಿ ಅದೇ ಅಜ್ಜಿ ಬಿಸಿಲಿಗೆ ಕೂತು ಮೊಮ್ಮಗಳ ಜಡೆ ಹೆಣೆಯುತ್ತಿದ್ದಳು, ಏನೂ ಆಗಿಲ್ಲವೇನೋ ಎಂಬಂತೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ, ಸತ್ತವರು ಹೀಗೇ ಅಲ್ಲವೇ ಬರುವುದು ಎಂದುಕೊಂಡು ದಾರ ಎಳೆದೆ. ಗಂಟು ನಿಮ್ಮಲ್ಲಿಗೆ ಹೊರಟ ನಾಲ್ಕನೇ ದಿನ, ಹಾಲಿನ ಲೋಟ ಬಾಯಿಗೆ ಇಟ್ಟುಕೊಂಡಾಗ ಹೊಳೆಯಿತು. ಹನ್ನೊಂದನೆಯ ಫಾರಂ ಹದಿನಾಲ್ಕರ ಆಚೆಗೆ ಹೋಗಿದೆ. ಹೊಲಿದ ಮೇಲೆ ಪುಟದ ಅಂಕಿ ನೋಡುವುದು ನಮ್ಮ ಪದ್ಧತಿ. ನಾನು ನೋಡಿರಲಿಲ್ಲ.

ದಯವಿಟ್ಟು ಆ ಪುಸ್ತಕವನ್ನು ಯಾರಿಗೂ ಕೊಡಬೇಡಿ, ಮುಂದಿನ ಗಂಟಿನಲ್ಲಿ ಸೇರಿಸಿ ಕಳಿಸಿ, ಸರಿಮಾಡುತ್ತೇನೆ. ನಮ್ಮ ಅಂಗಡಿಯ ಯಜಮಾನರಿಗೆ ಮಾತ್ರ ಬರೆಯಬೇಡಿ. ಮಳೆಗಾಲದ ಆರಂಭದಲ್ಲಿ ನನಗೆ ಕೋವಿಡ್ ಬಂದಿತ್ತು. ಅಂದಿನಿಂದ ಅವರು ಕೆಲಸವನ್ನು ಮನೆಗೇ ಕಳಿಸುತ್ತಿದ್ದಾರೆ. "ಫೆಬ್ರವರಿ ಮುಗಿಯೋವರೆಗೂ ನಿನ್ನ ಸ್ಟೂಲು ಖಾಲಿ ಇಟ್ಟಿರ್ತೀನಿ ಸೂಜಿ, ಆಮೇಲೆ ನನ್ನನ್ನ ಬೈಕೋಬೇಡ" ಎಂದಿದ್ದಾರೆ. ನನ್ನ ತಲೆ ಸರಿಯಾಗಿ ಓಡುತ್ತಿಲ್ಲ ಎಂದು ಗೊತ್ತಾದರೆ ಫೆಬ್ರವರಿಯವರೆಗೂ ಕಾಯುವುದಿಲ್ಲ. ಕಿಟಕಿಯ ಪಕ್ಕದ ಸ್ಟೂಲು ಅದು. ಹನ್ನೊಂದು ವರ್ಷದಿಂದ ನನ್ನದು.

ಇಂತಿ,
ಸೂಜಿ


ನವೆಂಬರ್ 21

ಹೊಲಿಗೆಯವರಿಗೆ,

ನಿಮ್ಮ ಪತ್ರ ತಲುಪಿತು. ಸದರಿ ಕಾದಂಬರಿ ಈಗಾಗಲೇ ಇಬ್ಬರ ಕೈಗೆ ಹೋಗಿ ಬಂದಿದೆ. ಮೊದಲನೆಯವರು ಏನನ್ನೂ ಗಮನಿಸಿಲ್ಲ. ಎರಡನೆಯವರು ನಿವೃತ್ತ ಡ್ರೈವರ್, ಪ್ರತಿ ಪುಸ್ತಕದಲ್ಲೂ ತಪ್ಪು ಹುಡುಕುವವರು. ಅವರು ಹಿಂದಿರುಗಿಸುವಾಗ, "ಆ ಮುದುಕಿ ಎದ್ದು ಬಂದು ಜಡೆ ಹಾಕ್ತಾಳಲ್ಲ ಮೇಡಂ, ಆ ಜಾಗ ಒಂದೇ ಚೆನ್ನಾಗಿರೋದು" ಎಂದರು. ಆದ್ದರಿಂದ ಪುಸ್ತಕವನ್ನು ಹಾಗೆಯೇ ಕಪಾಟಿನಲ್ಲಿಟ್ಟಿದ್ದೇನೆ. ನಿಮ್ಮ ಯಜಮಾನರಿಗೆ ಬರೆಯುವುದಿಲ್ಲ.

ನಿಮ್ಮಿಂದ ಒಂದು ವಿಷಯ ತಿಳಿಯಬೇಕಾಗಿದೆ. ಮಳೆಗಾಲದ ಜ್ವರಕ್ಕೆ ಈಗಲೂ ಮನೆಯಲ್ಲೇ ಇದ್ದೀರಿ. ದಿನಕ್ಕೆ ಎಷ್ಟು ಗಂಟೆ ಕೂರುತ್ತೀರಿ? ಕೆಲಸ ಮಾಡಿದ ಮರುದಿನ ಹೇಗಿರುತ್ತದೆ? ಮರೆವು ಇದೆಯೇ? ಪತ್ರಿಕೆಗಳಲ್ಲಿ ಲಾಂಗ್ ಕೋವಿಡ್ ಎಂದು ಬರುತ್ತಿದೆಯಲ್ಲ, ನಿಮ್ಮದು ಅದೇ ಎಂದು ವೈದ್ಯರು ಹೇಳಿದ್ದಾರೆಯೇ? ಮರೆಮಾಚದೆ ಬರೆಯಿರಿ.

ಗ್ರಂಥಪಾಲಕಿ


ನವೆಂಬರ್ 30

ಅಮ್ಮನವರಿಗೆ ನಮಸ್ಕಾರ.

ನಿಮ್ಮ ಪ್ರಶ್ನೆಗಳನ್ನು ಮೂರು ಸಲ ಓದಿದೆ. ನೀವು ಹೆದರಬೇಕಾಗಿಲ್ಲ, ನಿಮ್ಮ ಪುಸ್ತಕಗಳು ಒಳ್ಳೆಯ ಕೈಯಲ್ಲೇ ಇವೆ. ನಾನು ಈಗ ಪೂರ್ತಿ ಗುಣವಾಗಿದ್ದೇನೆ. ದಿನಕ್ಕೆ ಎಂಟು ಗಂಟೆ ಕೂರುತ್ತೇನೆ. ಮೊದಮೊದಲು ಆಗುತ್ತಿರಲಿಲ್ಲ, ಹಟ ಹಿಡಿದು ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿದೆ. ಕೆಲಸ ಮಾಡಿದಷ್ಟೂ ಮೈ ಹಗುರವಾಯಿತು. ಮರೆವು ಇಲ್ಲ. ಆ ಹನ್ನೊಂದನೆಯ ಫಾರಂ ಒಂದು ಸಲದ ತಪ್ಪು.

ಪೆನ್ಸಿಲಿನಲ್ಲಿ ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮಲಗಿಕೊಂಡು ಬರೆದರೆ ಪೆನ್ನಿನ ಶಾಯಿ ಇಳಿಯುವುದಿಲ್ಲ.

ಈ ಚಳಿಗಾಲ ಎಷ್ಟು ಕಾದಂಬರಿ ಓದಿದೆನೋ ಲೆಕ್ಕವಿಲ್ಲ. ನಮ್ಮದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಬೆಳಿಗ್ಗೆ ಕಿಟಕಿಯ ಬಿಸಿಲು ಬಾಗಿಲ ಹತ್ತಿರ ಬೀಳುತ್ತದೆ, ಮಧ್ಯಾಹ್ನ ನನ್ನ ಕಾಲ ಮೇಲೆ ಬರುತ್ತದೆ, ಆಮೇಲೆ ಗೋಡೆ ಹತ್ತಿ ಹೋಗುತ್ತದೆ. ಅದು ದೋಣಿ ಎಂದುಕೊಂಡು ನೋಡುತ್ತಿರುತ್ತೇನೆ. ಅಂಬಿಗರ ಮನೆಯವರು ಅದರಲ್ಲಿ ಕೂತಿರುತ್ತಾರೆ. ಬೇರೆ ಕಾದಂಬರಿಯಿಂದ ಒಬ್ಬ ಗಡಿಯಾರ ರಿಪೇರಿಯವನೂ ಬಂದು ಸೇರಿಕೊಂಡಿದ್ದಾನೆ, ಯಾರೂ ಅವನನ್ನು ಇಳಿ ಎನ್ನುವುದಿಲ್ಲ. ಅಮ್ಮ ಆಫೀಸುಗಳ ನೆಲ ಒರೆಸಿ ಮನೆಗೆ ಬರುವಾಗಲೂ ಅವರು ಇನ್ನೂ ಹೋಗಿರುವುದಿಲ್ಲ. ನಾನು ಅವರ ಕಥೆ ಹೇಳಿದರೆ ಅಮ್ಮ ಕೇಳುತ್ತಾಳೆ, "ಅಷ್ಟು ಜನ ಬಂದು ಹೋಗ್ತಾರಲ್ಲ, ಒಬ್ಬರಾದ್ರೂ ಒಂದು ಪಾತ್ರೆ ತೊಳೆದಿಟ್ಟು ಹೋಗಬಾರದಾ?"

ಇಂತಿ,
ಸೂಜಿ


ಡಿಸೆಂಬರ್ 10

ಸೂಜಿಯವರಿಗೆ,

ನಿಮ್ಮ ಪತ್ರದಿಂದ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಅದನ್ನು ಮನೆಯಲ್ಲಿ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎಂಟು ಗಂಟೆಯ ಭಾಗವನ್ನು ಎರಡು ಸಲ ಓದಿದೆ. ಅವರಿಗೂ ಸ್ವಲ್ಪ ಹಟ ಬೇಕು. ಬೇಡ, ಆಗಲ್ಲ, ಆಮೇಲೆ ಎನ್ನುವುದೇ ಅಭ್ಯಾಸವಾಗಿಬಿಟ್ಟಿದೆ.

ನಾನು ಪತ್ರಿಕೆಗಳಲ್ಲಿ ಲಾಂಗ್ ಕೋವಿಡ್ ಬಗ್ಗೆ ಬಂದದ್ದನ್ನೆಲ್ಲ ಕತ್ತರಿಸಿ ಒಂದು ಫೈಲಿನಲ್ಲಿ ಇಡುತ್ತಿದ್ದೇನೆ. ಲೈಬ್ರರಿಯ ಪ್ರತಿಗೆ ಕತ್ತರಿ ಹಾಕಬಾರದು, ಆದರೂ ಹಾಕುತ್ತೇನೆ. ಒಬ್ಬ ಡಾಕ್ಟರು ವಿಶ್ರಾಂತಿ ಎನ್ನುತ್ತಾರೆ, ಇನ್ನೊಬ್ಬರು ನಡೆಯಿರಿ ಎನ್ನುತ್ತಾರೆ, ಮತ್ತೊಬ್ಬರು ಇನ್ನೂ ಗೊತ್ತಿಲ್ಲ ಎನ್ನುತ್ತಾರೆ. ಈಗ ನಿಮ್ಮ ಪತ್ರವನ್ನೂ ಅದೇ ಫೈಲಿಗೆ ಸೇರಿಸಿದ್ದೇನೆ. ಸುದ್ದಿಗಿಂತ ಅದು ಗಟ್ಟಿ.

ಇಲ್ಲಿ ಚಳಿ ಹೆಚ್ಚಾಗಿದೆ. ಓದುವವರು ಕೈಗವಸು ಹಾಕಿಕೊಂಡೇ ಪುಟ ತಿರುಗಿಸಲು ನೋಡುತ್ತಾರೆ. ನಿಮಗೆ ಇನ್ನಷ್ಟು ಹೊಲಿಗೆ ತಯಾರಾಗುತ್ತಿದೆ ಎಂದುಕೊಳ್ಳಿ.

ಗ್ರಂಥಪಾಲಕಿ


ಡಿಸೆಂಬರ್ 19

ಅಮ್ಮನವರಿಗೆ ನಮಸ್ಕಾರ.

ನನ್ನ ಪತ್ರ ಫೈಲಿನಲ್ಲಿ ಇದೆಯೆಂದು ಓದಿ ಕಿವಿ ಬಿಸಿಯಾಯಿತು. ನನ್ನ ಅಕ್ಷರ ಯಾರೂ ಇಟ್ಟುಕೊಂಡದ್ದಿಲ್ಲ. "ಮನೆಯಲ್ಲಿ ಒಬ್ಬರು" ಎಂದರೆ ನಿಮ್ಮ ಮಗನಿರಬೇಕು ಎಂದುಕೊಂಡಿದ್ದೇನೆ, ಓದಲು ಕಳ್ಳಬೀಳುವ ವಯಸ್ಸಿನವನು. ಅವನಿಗೆ ನನ್ನ ಹೆಸರು ಹೇಳಿ. ನಾನು ಹಾಸಿಗೆ ಬಿಟ್ಟು ನಡೆದದ್ದೂ ಹಟದಿಂದಲೇ ಎನ್ನಿ. ಮೊದಲು ನಾಲ್ಕು ಹೆಜ್ಜೆ, ಮರುದಿನ ಎಂಟು, ಅದರ ಮರುದಿನ ಹದಿನಾರು. ಹದಿನಾರಾದರೆ ಒಂದು ಫಾರಂ ಆಯಿತಲ್ಲ!

ನಮಗೆ ಸುದ್ದಿ ಹಳೆಯದಾಗಿ ಬರುತ್ತದೆ. ಅಂಗಡಿಯವರು ರಟ್ಟಿನ ಒಳಗೆ ಅಂಟಿಸಲು ಹಳೇ ಪೇಪರು ಕಟ್ಟಿ ಕಳಿಸುತ್ತಾರೆ, ಅದನ್ನು ಅಂಟಿಸುವ ಮೊದಲು ಓದುತ್ತೇನೆ. ಆ ಕಾಯಿಲೆಯ ಸುದ್ದಿ ಕಂಡರೆ ಬೇರೆ ಇಡುತ್ತೇನೆ. ಹಾಗಾಗಿ ಕಾಗದ ಸಾಲದೆ ಎರಡು ಪುಸ್ತಕ ನಿಂತಿವೆ. ಯಜಮಾನರು ಬಂದವರು, "ಪೇಪರು ತಿಂತೀಯೇನೇ?" ಎಂದರು. ಅವರು ಬರುವ ದಿನ ನಾನು ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂತಿರುತ್ತೇನೆ. "ಮುಖ ಕಳೆಯಾಗಿದೆ" ಎಂದು ಹೇಳಿ ಹೋದರು.

ಈಗ ಓದುತ್ತಿರುವುದು ಹಿಮದ ಊರಿನ ಕಥೆ. ಅದರಲ್ಲಿ ಒಬ್ಬಳು ಪತ್ರಕ್ಕೆ ಕಾಯುತ್ತಾಳೆ. ಅಂಚೆಯವನು ಬರುವ ಪುಟ ಎಷ್ಟನೆಯದೆಂದು ಮುಂದೆ ನೋಡಲು ಮನಸ್ಸಾಯಿತು. ನೋಡಲಿಲ್ಲ.

ಇಂತಿ,
ಸೂಜಿ


ಜನವರಿ 9

ಅಮ್ಮನವರಿಗೆ ನಮಸ್ಕಾರ.

ಮೂರು ವಾರ ನಿಮ್ಮಿಂದ ಪತ್ರವಿಲ್ಲ. ಗಂಟೂ ಬಂದಿಲ್ಲ. "ಆ ಲೈಬ್ರರಿಯೋರು ಯಾಕೋ ಸುಮ್ಮನಾದ್ರು" ಎಂದು ಯಜಮಾನರು ಹೇಳಿದರು. ನನ್ನ ಹೊಲಿಗೆಯಲ್ಲಿ ಮತ್ತೆ ಏನಾದರೂ ತಪ್ಪು ಸಿಕ್ಕಿತೇ? ಇದ್ದರೆ ನನಗೇ ಬೈಯಿರಿ, ತಡೆದುಕೊಳ್ಳುತ್ತೇನೆ.

ಸೂಜಿ


ಜನವರಿ 17

ಸೂಜಿ,

ನಿಮ್ಮ ಹೊಲಿಗೆಯಲ್ಲಿ ತಪ್ಪಿಲ್ಲ. ನಾನು ಲೈಬ್ರರಿಗೆ ರಜೆ ಹಾಕಿದ್ದೆ.

ಮನೆಯಲ್ಲಿರುವ ಒಬ್ಬರು ನನ್ನ ಮಗನಲ್ಲ. ನನ್ನ ತಮ್ಮ. ಮೂವತ್ತೊಂದು ವರ್ಷ, ವೈರ್‌ಮನ್ ಕೆಲಸ, ಕಂಬ ಹತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಿಮಗೆ ಬಂದ ಸಮಯಕ್ಕೇ ಅವನಿಗೂ ಕೋವಿಡ್ ಬಂತು. ಹೋಯಿತು ಎಂದರು. ಅವನು ಮಾತ್ರ ಹಿತ್ತಲ ಕೋಣೆಯಿಂದ ಎದ್ದು ಬರಲಿಲ್ಲ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ನಾನು ಐದು ತಿಂಗಳು ನೋಡಿ ಒಂದು ದಿನ ಬಾಗಿಲಲ್ಲಿ ನಿಂತು, "ಮೈಗಳ್ಳ ಆಗ್ಬಿಟ್ಟೆ ಕಣೋ" ಎಂದೆ. ಅವನು ಗೋಡೆ ಕಡೆ ತಿರುಗಿಕೊಂಡ. ನಿಮಗೆ ಪ್ರಶ್ನೆ ಬರೆದದ್ದು ಅದರ ಮರುವಾರ.

ನಿಮ್ಮ ಪತ್ರ ಓದಿದಾಗ ಅವನು, "ಆ ಹುಡುಗಿ ಕೈಲಿ ಆಗುತ್ತೆ ಅಂದ್ರೆ ನನ್ನ ಕೈಲೂ ಆಗಬೇಕಲ್ವಾ ಅಕ್ಕಾ" ಎಂದ. ನಾಲ್ಕು ಹೆಜ್ಜೆ, ಎಂಟು, ಹದಿನಾರು, ನೀವು ಬರೆದಂತೆಯೇ. ಆಮೇಲೆ ಬೀದಿಯ ತುದಿಯವರೆಗೆ. ಆಮೇಲೆ ನನ್ನ ತೋಳು ಹಿಡಿದು ಲೈಬ್ರರಿಯವರೆಗೆ ನಾಲ್ಕು ದಿನ ಬಂದ. ಹೊಸ ಪತ್ರಿಕೆಯ ವಾಸನೆ ನೋಡಿ ನಕ್ಕ. ಐದನೇ ದಿನ ಲೋಟ ಎತ್ತಲಾಗಲಿಲ್ಲ. ಅಂದಿನಿಂದ ಬೆಳಕು ಬೇಡ, ಶಬ್ದ ಬೇಡ. ಕಿಟಕಿಗೆ ಕಂಬಳಿ ಕಟ್ಟಿದ್ದೇನೆ. ಚಮಚದಲ್ಲಿ ಹಾಲು ಹಾಕುತ್ತೇನೆ. ಹೀಗೆ ಎರಡು ವಾರ ದಾಟಿತು.

ನಿಮ್ಮನ್ನು ದೂರಲು ಬರೆಯುತ್ತಿಲ್ಲ. ನಾವು ಎಲ್ಲೋ ತಪ್ಪು ಮಾಡಿದ್ದೇವೆ, ಅದು ಎಲ್ಲಿ ಎಂದು ನಿಮಗೆ ಗೊತ್ತಿರಬಹುದು. ನೀವು ಎಷ್ಟು ದಿನಕ್ಕೆ ಎಷ್ಟು ಹೆಚ್ಚಿಸಿದಿರಿ? ನಡುವೆ ಬಿದ್ದಾಗ ಏನು ಮಾಡಿದಿರಿ? ಎಂಟು ಗಂಟೆಗೆ ಹೇಗೆ ಮುಟ್ಟಿದಿರಿ? ಒಂದೊಂದಾಗಿ ಬರೆಯಿರಿ. ನಾವು ನಿಮ್ಮ ಪತ್ರವನ್ನೇ ಕಾಯುತ್ತಿದ್ದೇವೆ.

ಅವನ ಅಕ್ಕ


ಜನವರಿ 24

ಅಕ್ಕನವರಿಗೆ,

ಎಂಟು ಗಂಟೆ ಸುಳ್ಳು.

ಇದನ್ನು ಬರೆದು ಪೆನ್ಸಿಲು ಕೆಳಗಿಟ್ಟೆ, ಒಂದು ದಿನ ಪೂರ್ತಿ ಮುಟ್ಟಲಿಲ್ಲ. ಈಗ ಉಳಿದದ್ದನ್ನು ಬರೆಯುತ್ತೇನೆ. ನಾನು ಗುಣವಾಗಿಲ್ಲ. ಹಟ ಹಿಡಿದು ಹೆಚ್ಚಿಸಿದ್ದು ಯಾವುದೂ ಇಲ್ಲ. ನಿಮ್ಮ ಪ್ರಶ್ನೆ ನೋಡಿ, ಇವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ, ಉತ್ತರ ಯಜಮಾನರ ಕೈಗೆ ಹೋಗುತ್ತದೆ ಎಂದು ಹೆದರಿದೆ. ಅಲ್ಲಿ ಒಬ್ಬರು ಮಲಗಿಕೊಂಡು ನನ್ನ ಮಾತು ಕೇಳುತ್ತಿದ್ದಾರೆಂದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೆ ಮುಗಿಯಿತೇ? ಎಂಟು ಗಂಟೆಯ ಸುಳ್ಳು ಹೆದರಿಕೆಯಿಂದ ಬಂತು. ನಾಲ್ಕು ಹೆಜ್ಜೆ, ಎಂಟು, ಹದಿನಾರು ಎಂದದ್ದು ಹೆದರಿಕೆಯಿಂದ ಅಲ್ಲ, ನನ್ನ ಪತ್ರ ಫೈಲಿನಲ್ಲಿದೆ ಎಂಬ ಜಂಬದಿಂದ. ಅವರು ನಡೆದದ್ದು ಆ ಜಂಬದ ಮೇಲೆ.

ನಿಜ ಹೀಗಿದೆ. ದಿನಕ್ಕೆ ಎರಡು ಫಾರಂ ಹೊಲಿಯುತ್ತೇನೆ, ದಿಂಬಿಗೆ ಒರಗಿ. ಒಂದು ದಿನ ಐದು ಹೊಲಿದೆ. ಆಮೇಲೆ ಆರು ದಿನ ಬಚ್ಚಲಿಗೂ ಅಮ್ಮನ ಹೆಗಲ ಮೇಲೆ ಹೋದೆ. ಹೊಡೆತ ಅದೇ ದಿನ ಬೀಳುವುದಿಲ್ಲ, ಒಂದು ದಿನ ಬಿಟ್ಟು ಬೀಳುತ್ತದೆ. ಹಾಗಾಗಿ ಯಾವುದಕ್ಕೆ ಬಿತ್ತೆಂದು ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಯಜಮಾನರು ಬರುವ ದಿನ ತಲೆ ಬಾಚಿ ಕುರ್ಚಿಯಲ್ಲಿ ಕೂರುವುದಕ್ಕೆ ಮುಂಚಿನ ಎರಡು ದಿನ ಅಲುಗಾಡದೆ ಮಲಗಿರುತ್ತೇನೆ. ಮರೆವೂ ಇದೆ. ಒಲೆಯ ಮೇಲೆ ಚಹಾದ ಕೆಟಲ್ ಇಟ್ಟು ಮರೆತು ಎರಡು ಸುಟ್ಟಿದ್ದೇನೆ. ಅಂಬಿಗರ ದೋಣಿ ಗೋಡೆಯ ಮೇಲೆ ಹೋಗುವುದು ಚೆನ್ನಾಗಿರುತ್ತದೆ, ಆದರೆ ನಾನು ಅದನ್ನು ನೋಡುವುದು ತಲೆ ಎತ್ತಲಾಗದ ದಿನಗಳಲ್ಲಿ.

ಇಷ್ಟರಲ್ಲಿ ಕಲಿತದ್ದು ಒಂದೇ. ಸುಸ್ತಾಗುವ ಮೊದಲೇ ನಿಲ್ಲಿಸಬೇಕು. ಇನ್ನೂ ಒಂದು ಫಾರಂ ಆಗುತ್ತದೆ ಎಂದು ಕೈ ಹೇಳುತ್ತಿರುವಾಗಲೇ ಸೂಜಿಯನ್ನು ದಿಂಬಿಗೆ ಚುಚ್ಚಿ ಇಡಬೇಕು. ಹಳೇ ಪೇಪರುಗಳಲ್ಲಿ ನಾನು ತೆಗೆದಿಟ್ಟ ಸುದ್ದಿಯಲ್ಲೂ ಕೆಲವು ಡಾಕ್ಟರುಗಳು ಹೀಗೇ ಹೇಳಿದ್ದಾರೆ, ಅವನ್ನು ಇದರ ಜೊತೆ ಇಟ್ಟಿದ್ದೇನೆ. ರಟ್ಟಿಗೆ ಅಂಟಿಸಬೇಕಾದವು, ಅಂಚಿನಲ್ಲಿ ಗೋಂದು ಹತ್ತಿದೆ.

ನಿಮ್ಮ ತಮ್ಮನಿಗೆ ನನ್ನಿಂದ ಆದದ್ದನ್ನು ಹೊಲಿದು ಸರಿಮಾಡಲು ಆಗುವುದಿಲ್ಲ. ಅವರಿಗೆ ಈ ಪತ್ರವನ್ನು ಓದಿ ಹೇಳಿ, ಎರಡು ಸಲ. ಯಜಮಾನರಿಗೂ ನಾನೇ ಹೇಳುತ್ತೇನೆ. ಒಬ್ಬರ ಹತ್ತಿರ ನಿಜ ಹೇಳಿ ಇನ್ನೊಬ್ಬರ ಮುಂದೆ ತಲೆ ಬಾಚಿಕೊಂಡು ಕೂರಲು ಇನ್ನು ಮನಸ್ಸಿಲ್ಲ.

ಸೂಜಿ


ಫೆಬ್ರವರಿ 4

ಸೂಜಿ,

ನಿನ್ನ ಪತ್ರವನ್ನು ಎರಡು ದಿನ ಮೇಜಿನ ಖಾನೆಯಲ್ಲಿ ಹಾಕಿ ಬೀಗ ಹಾಕಿದೆ. ಸಿಟ್ಟು ಬಂದಿತ್ತು. ಹರಿದು ಹಾಕಬೇಕೆನಿಸಿತು. ಮೂರನೇ ದಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು ಎಂದು ತಿಳಿಯಿತು. ಎದುರಿಗೆ ಮಲಗಿದ್ದ ತಮ್ಮನ ಮಾತು ನಂಬದೆ, ಎಂದೂ ಕಾಣದ ಒಬ್ಬಳ ಕಾಗದ ನಂಬಿದವಳು ನಾನು. ಫೈಲಿನಲ್ಲಿ ವಿಶ್ರಾಂತಿ ಎಂದು ಬರೆದ ಚೂರುಗಳೂ ಇದ್ದವು. ನನಗೆ ಬೇಕಾದದ್ದನ್ನು ಮೇಲೆ ಇಟ್ಟಿದ್ದೆ.

ಕತ್ತಲೆ ಕೋಣೆಯಲ್ಲಿ ಪಿಸುಮಾತಿನಲ್ಲಿ ಓದಿದೆ. ಅರ್ಧಕ್ಕೆ ನಿಲ್ಲಿಸಲೇ ಎಂದು ಕೇಳಿದೆ. ಬೇಡ ಎಂದು ಬೆರಳು ಅಲ್ಲಾಡಿಸಿದ. ನೀನು ಆರು ದಿನ ಬಿದ್ದ ಜಾಗಕ್ಕೆ ಬಂದಾಗ ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ನಾನು ಗಾಬರಿಯಾದೆ. ಅವನು ಎಂದ, "ನನ್ನ ಥರಾನೇ ಇನ್ನೊಬ್ಬಳು ಇದ್ದಾಳೆ. ಹಾಗಿದ್ರೆ ನಾನು ಮೈಗಳ್ಳ ಅಲ್ಲ." ಐದು ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಸ್ವಲ್ಪ ಹೊತ್ತಾದ ಮೇಲೆ, "ಎರಡು ಕೆಟಲ್ ಸುಟ್ಟಳಂತಾ? ನಾನು ಒಂದೇ" ಎಂದ. ನಾನು ಬಾಗಿಲ ಆಚೆ ಹೋಗಿ ಅತ್ತೆ.

ಈಗ ದಿನಕ್ಕೆ ಒಂದೂವರೆ ಪುಟ ಕಾದಂಬರಿ ಓದುತ್ತೇನೆ. ಅಷ್ಟಕ್ಕೇ ಅವನು ಬೆರಳು ಎತ್ತುತ್ತಾನೆ. ಮೊದಲಾದರೆ ಇನ್ನೊಂದು ಪುಟ ಎನ್ನುತ್ತಿದ್ದೆ. ಈಗ ಪುಸ್ತಕ ಮುಚ್ಚುತ್ತೇನೆ.

ನಿನ್ನನ್ನು ಪೂರ್ತಿ ಕ್ಷಮಿಸಿದ್ದೇನೆ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಆದರೆ ಬರೆಯುವುದನ್ನು ನಿಲ್ಲಿಸಬೇಡ. ನಿನ್ನ ಪತ್ರ ಬಂತಾ ಎಂದು ಅವನು ಕೇಳುತ್ತಾನೆ.

ಅಕ್ಕ


ಫೆಬ್ರವರಿ 13

ಅಕ್ಕನವರಿಗೆ, ನಿಮ್ಮ ತಮ್ಮನಿಗೂ ನಮಸ್ಕಾರ.

ಯಜಮಾನರಿಗೆ ಹೇಳಿದೆ. ಕುರ್ಚಿಯಲ್ಲಿ ಕೂರಲಿಲ್ಲ, ಮಲಗಿಕೊಂಡೇ ಹೇಳಿದೆ. ಎರಡು ಫಾರಂ, ಹನ್ನೊಂದನೆಯ ಫಾರಂ, ಎಲ್ಲ. ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಅದನ್ನೇ ತಿರುಗಿಸಿದರು. "ಮೊದಲೇ ಹೇಳಿದ್ರೆ ನಾನೇನು ನಿನ್ನ ನುಂಗ್ತಿದ್ನಾ?" ಎಂದರು. ಆಮೇಲೆ, "ಸ್ಟೂಲು ಮಾತ್ರ ಖಾಲಿ ಇಡೋಕಾಗಲ್ಲ ಸೂಜಿ. ಕೆಲಸ ರಾಶಿ ಬಿದ್ದಿದೆ" ಎಂದರು. ಅದೂ ನಿಜವೇ. ನನಗೆ ತಿಂಗಳಿಗೆ ಎರಡು ಪುಸ್ತಕ ಕೊಡುತ್ತಾರಂತೆ, ಮುಗಿದಾಗ ಮುಗಿಯಲಿ ಎಂದರು. ಅವರು ಮೆಟ್ಟಿಲಿಳಿದು ಹೋದ ಮೇಲೆ ಗೋಡೆಯ ಕಡೆ ತಿರುಗಿಕೊಂಡೆ. ನಿಮ್ಮ ತಮ್ಮನಿಗೆ ಅದು ಹೇಗೆಂದು ಗೊತ್ತಿರುತ್ತದೆ. ಅಮ್ಮ ಬಂದು ಏನೂ ಕೇಳದೆ ನನ್ನ ಪಾದ ಒತ್ತುತ್ತಾ ಕೂತಳು. ಅಂದು ದೋಣಿ ಬರಲಿಲ್ಲ, ಮೋಡವಿತ್ತು.

ಸ್ಟೂಲು ಯಜಮಾನರ ನಾದಿನಿಗೆ ಹೋಯಿತು. ಐವತ್ತು ದಾಟಿದವರು, ಇದುವರೆಗೆ ಗುಂಡಿ ಬಿಟ್ಟು ಬೇರೆ ಏನೂ ಹೊಲಿದವರಲ್ಲ. ಇವತ್ತು ಬೆಳಿಗ್ಗೆ ಅವರೇ ಮೆಟ್ಟಿಲು ಹತ್ತಿ ಬಂದರು, ಕಂಕುಳಲ್ಲಿ ಒಂದು ಬಿಚ್ಚಿದ ಕಾದಂಬರಿ. "ನೋಡಮ್ಮಾ, ನಿನ್ನ ಜಾಗ ನಾನು ಕೇಳಿ ತಗೊಂಡಿದ್ದಲ್ಲ. ಭಾವ ಕೂರಿಸಿದ್ರು, ಕೂತೆ. ಈ ದಾರ ನನ್ನ ಮಾತು ಕೇಳ್ತಿಲ್ಲ" ಎಂದು ನನ್ನ ಮಂಚದ ಅಂಚಿಗೆ ಕೂತರು. ಮಂಚ ಆ ಕಡೆ ವಾಲಿತು. ನಾನು ಮಲಗಿದ್ದಲ್ಲಿಂದಲೇ ಹೇಳಿಕೊಟ್ಟೆ. ದಾರಕ್ಕೆ ಮೇಣ ಎಷ್ಟು ಸವರಬೇಕು, ಫಾರಂನ ತುದಿಗೆ ಬಂದಾಗ ಕೆಳಗಿನ ಹೊಲಿಗೆಯೊಳಗೆ ಸೂಜಿ ತೂರಿಸಿ ಗಂಟು ಹೇಗೆ ಹಾಕಬೇಕು ಎಂದು. ಅವರು ಮೂರು ಸಲ ಹಾಕಿದರು. ಮೂರನೆಯದು ಸಡಿಲವಿತ್ತು. ಮೊದಲಾಗಿದ್ದರೆ ಎದ್ದು ಕೂತು ನಾನೇ ಹಾಕಿಬಿಡುತ್ತಿದ್ದೆ. "ಬಿಚ್ಚಿ, ಇನ್ನೊಂದ್ಸಲ" ಎಂದೆ. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬಿಚ್ಚತೊಡಗಿದರು. ನಾನು ಕಣ್ಣು ಮುಚ್ಚಿಕೊಂಡೆ.

ಸೂಜಿ